ಮನೆಯಲ್ಲಿ ಎಷ್ಟು ಜನ

ಹಳೆಯ ಡೀಸೆಲ್ ಬಿಲ್ಲಿನ ಬೆನ್ನಿಗೆ
ಡೆಲ್ಫೀನ್ ಮೂರು ಗೆರೆ ಎಳೆದಿದ್ದಾಳೆ, ಕಾಲೇಜಿಗೊಂದು.
ಎಂಬತ್ತು ಸಾವಿರದ್ದು
ನೆರವು ಕಳೆದರೆ ಆರಕ್ಕಿಳಿಯುತ್ತದೆ;
ಪಕ್ಕದೂರಿನ ಅಗ್ಗದ್ದು
ಹದಿನಾಲ್ಕಕ್ಕೇ ಪಟ್ಟು ಹಿಡಿದಿದೆ.

"ಇದೆಂಥ ಸಂತೆಯೇ!"
ಅಪ್ಪ ಲಾಬ್‌ಸ್ಟರ್ ಬೋನಿನ ಹರಿದ ಬಲೆ ಹೆಣೆಯುತ್ತ ನಗುತ್ತಾನೆ.
ಮೇನ್ ಕಡಲಿನ ಮಂಜು ಕಿಟಕಿಯವರೆಗೂ ಬಂದಿದೆ.

ದೋಣಿಯ ಬೆಲೆ? ಪರದೆ ಕೇಳುತ್ತದೆ.
"ಬರಿ, ಸಾಲ ಕಳೆದರೆ
ಹುಟ್ಟೊಂದು ಉಳಿದೀತು."

ಮನೆಯಲ್ಲಿ ಎಷ್ಟು ಜನ?
ನಾಲ್ಕು ಒತ್ತುತ್ತಾಳೆ.
ಅಳಿಸುತ್ತಾಳೆ.
ಅಮ್ಮ ಬೇರೆ ಮನೆ ಮಾಡಿ
ಬರುವ ಮಾರ್ಚಿಗೆ ವರ್ಷ.

ಮೂರು.
ಅಮ್ಮನ ಸಂಬಳವೂ ಕಳೆದು
ಆರು ಸಾವಿರ ನಾಲ್ಕಾಗುತ್ತದೆ.

ಇಬ್ಬರೂ ಆ ನಾಲ್ಕನ್ನೇ ನೋಡುತ್ತಾರೆ.
ಅಪ್ಪ ಗಂಟು ಬಿಗಿದು, ಹಲ್ಲಲ್ಲಿ ದಾರ ಕಡಿಯುತ್ತಾನೆ.

ಮುಂದಿನ ಪುಟಕ್ಕೆ
ಅಮ್ಮನ ಸಹಿಯೂ ಬೇಕಂತೆ.