ಸುಲಭದ ದಾರಿ

ಹಾದಿಯ ಬಾಯಲ್ಲೊಂದು ಫಲಕ:
ಎರಡೂವರೆ ಕಿಲೋಮೀಟರು, ಮಟ್ಟಸ, ಮೆಟ್ಟಿಲಿಲ್ಲ,
ಮಕ್ಕಳೂ ಮುದುಕರೂ ನಡೆಯಬಹುದು.
ನಡುವೆ ಹಸಿರು ಬಣ್ಣದಲ್ಲಿ ಒಂದೇ ಪದ: ಸುಲಭ.

ನನಗೆ ನಗು.
ಈ ದಾರಿಯನ್ನು ನಾನು ನಡೆದದ್ದಕ್ಕಿಂತ
ಮೊಣಕಾಲೂರಿ ತೆವಳಿದ್ದೇ ಹೆಚ್ಚು.
ಪುರಸಭೆಯ ಸಂಬಳ, ಹೆಗಲಿಗೆ ಡ್ರಿಲ್ಲಿನ ಚೀಲ,
ಜೇಬು ತುಂಬ ತುಕ್ಕು ಹಿಡಿಯದ ಸ್ಕ್ರೂ.
ತುಕ್ಕು ಹಿಡಿಯದು ಎಂದು ಪೊಟ್ಟಣದ ಮೇಲಿದೆ,
ಅಟ್ಲಾಂಟಿಕ್ ಅದನ್ನು ಓದಿಲ್ಲ.
ಹದಿನೇಳು ಸಾವಿರದ ಚಿಲ್ಲರೆ ಹಲಗೆ.
ಕೆಲವು ಕಿರುಗುಟ್ಟುತ್ತವೆ, ಕೆಲವು ಸುಮ್ಮನಿದ್ದು ಮುರಿಯುತ್ತವೆ.
ಎರಡನೆಯವನ್ನೇ ನಾನು ಹುಡುಕುವುದು.

ಬೆಳಿಗ್ಗೆ ಎಂಟಕ್ಕೆ,
ಮಂಜು ಇನ್ನೂ ಮರಳದಿಬ್ಬದ ಹುಲ್ಲು ಹಿಡಿದು ಕೂತಿರುವಾಗ
ಬರುತ್ತಾಳೆ ದಿಯೊಲಿಂದಾ.
ತಲೆಯೆತ್ತದೆಯೂ ಗೊತ್ತು: ಎಡಗಾಲು ಭಾರ,
ಬಲಮಂಡಿ ಹೊಸದು, ನಡುವೆ ಕೋಲು, ಟಕ್.
ಡಾಕ್ಟರು ಮಾತ್ರೆ ಚೀಟಿಯ ಕೊನೇ ಸಾಲಿನಲ್ಲಿ
ಬರೆದುಕೊಟ್ಟಿದ್ದಾರಂತೆ, ದಿನಕ್ಕೆ ಅರ್ಧ ಗಂಟೆ ಕಡಲ ಗಾಳಿ.
“ಅರವತ್ತು ವರ್ಷ ಪುಕ್ಕಟೆ ಕುಡಿದ ಗಾಳಿ,
ಈಗ ಚೀಟಿ ಬೇಕಂತೆ ನೋಡು, ಅಮಾದೆವು.”

ನನ್ನ ಹಲಗೆಗಳ ಕೆಳಗೆ ಅವಳ ದಾರಿಯಿದೆ.
ಮರಳಿನದು, ಎತ್ತಿನ ಗಾಡಿಯದು.
ಬಿರುಗಾಳಿ ಕಡಲ ತಳ ಬಾಚಿ
ಸರ್ಗಾಸು ಪಾಚಿಯ ರಾಶಿ ತಂದೊಗೆದ ಮುಂಜಾವುಗಳಲ್ಲಿ
ಅಪ್ಪನ ಹಳೆಯ ಬಿಳಿ ಉಣ್ಣೆಯಂಗಿ ತೊಟ್ಟು
ಎದೆಮಟ್ಟ ನೀರಿಗಿಳಿದು, ಬಲೆಯಲ್ಲಿ ಮೊಗೆದು,
ಎಳೆದು, ಹರವಿ, ಒಣಗಿಸಿ,
ಈರುಳ್ಳಿ ಹೊಲಕ್ಕೆ ಗೊಬ್ಬರ ಹೊತ್ತವಳು.
ಆಗ ಯಾರೂ ಈ ತೀರ ನೋಡಲು ಬರುತ್ತಿರಲಿಲ್ಲ.
ನಾವೂ ನೋಡಲಿಲ್ಲ, ಅನ್ನುತ್ತಾಳೆ.
ಬಗ್ಗಿದವರಿಗೆ ಎಲ್ಲಿಯ ದಿಗಂತ?

ಮೊನ್ನೆ ಹುಣ್ಣಿಮೆಯ ಮರುದಿನ, ಇಳಿತ ಆಳಕ್ಕಿತ್ತು.
ಬಂಡೆಗಳೆಲ್ಲ ಹೊರಗೆ,
ನಡುನಡುವೆ ಕಡಲು ಮರೆತುಹೋದ ನೀರಿನ ಬಟ್ಟಲುಗಳು.
ನಾಲ್ಕನೇ ಬೆಂಚಿನ ಬಳಿ ಹಲಗೆ ಬಿಚ್ಚಿಕೊಂಡಿದ್ದೆ.
ಅಲ್ಲಿ ತೀರಕ್ಕಿಳಿಯಲು ಮೂರು ಮೆಟ್ಟಿಲು,
ಫಲಕಕ್ಕೆ ಗೊತ್ತಿಲ್ಲದವು.
ಕೋಲು ನನ್ನ ಕೈಗಿತ್ತಳು. ಬೇಡ, ಅಂದೆ.
“ನಿನ್ನ ಹಲಗೆ ನೀನು ನೋಡಿಕೋ.”

ಬಂಡೆಯ ಮೇಲೆ ಆಗಲೇ ಒಬ್ಬ ಪುಟ್ಟ, ತೆಲ್ಮೊ,
ಮೀನಂಗಡಿಯವಳ ಮೊಮ್ಮಗ, ಕೆಂಪು ಬಕೆಟ್ಟು, ಬರಿಗಾಲು.
“ಅಜ್ಜೀ, ಇದು ಹೂವೋ ಪ್ರಾಣಿಯೋ?
ಇದರ ಹೆಸರೇನು?”
ನೀರಿನಡಿ ಹಸಿರು, ತುದಿಯಲ್ಲಿ ನೇರಳೆ,
ಬೆರಳು ಬೆರಳಾಗಿ ಬಿಚ್ಚಿಕೊಂಡು ಕೂತಿತ್ತು ಅದು.
ದಿಯೊಲಿಂದಾ ಬಹಳ ಹೊತ್ತು ನೋಡಿದಳು.
“ನಮ್ಮನ್ನು ಕಚ್ಚದ್ದಕ್ಕೆ, ಸಂತೆಗೆ ಹೋಗದ್ದಕ್ಕೆ
ನಾವು ಹೆಸರಿಡಲಿಲ್ಲ ಮಗು.”

ತೋರುಬೆರಳು ಇಳಿಸಿದಳು.
ಮೆಲ್ಲಗೆ, ಎಲ್ಲ ಕಡೆಯಿಂದಲೂ,
ಅದು ಮುಚ್ಚಿಕೊಂಡಿತು.
“ಹಿಡಕೊಂಡಿತು!” ಕಿರುಚಿದ್ದು ಪುಟ್ಟನೋ ಅವಳೋ,
ಡ್ರಿಲ್ಲಿನ ಸದ್ದಿನಲ್ಲಿ ತಿಳಿಯಲಿಲ್ಲ.
ಆರಿಸಿದೆ.

ಆಮೇಲೆ ಕಂಡಿದ್ದು ಅವಳ ಇನ್ನೊಂದು ಕೈ.
ಯಾರಿಗೂ ಹೇಳದೆ, ಅವಳಿಗೂ ಹೇಳದೆ,
ಬಂಡೆಯಂಚಿನ ಪಾಚಿ ಸೆಳೆದು, ಹಿಂಡಿ,
ಬುಡವೆಲ್ಲ ಒಂದೇ ಕಡೆ ಬರುವ ಹಾಗೆ
ಪಕ್ಕದಲ್ಲಿ ಸಣ್ಣದೊಂದು ಕಟ್ಟು ಮಾಡಿಟ್ಟಿತ್ತು.
ನೋಡಿದಳು. ನನ್ನ ಕಡೆ ನೋಡಿದಳು.
ಬೆನ್ನ ಹಿಂದಿನ ಇನ್ನೊಂದು ಫಲಕ ನಾನೇ ನೆಟ್ಟದ್ದು:
ಇಲ್ಲಿಂದ ಏನನ್ನೂ ಒಯ್ಯಬೇಡಿ.
ಆ ಹೊಲದಲ್ಲೀಗ ಬೇಸಿಗೆಯವರ ಫ್ಲ್ಯಾಟುಗಳು,
ಒಯ್ಯುವುದಾದರೂ ಎಲ್ಲಿಗೆ?

ಉಬ್ಬರ ಬಟ್ಟಲ ಅಂಚು ನೆಕ್ಕತೊಡಗಿತು.
ಮೂರು ಮೆಟ್ಟಿಲಿಗೆ ಹತ್ತು ನಿಮಿಷ.
ಒಂದು ಕಡೆ ನಾನು, ಒಂದು ಕಡೆ ತೆಲ್ಮೊ
(ಸಹಾಯವಲ್ಲ, ಬಕೆಟ್ಟು ನನ್ನ ಮಂಡಿಗೆ ಬಡಿಯುತ್ತಲೇ ಇತ್ತು).
ಮೇಲೆ ಬಂದು ಕೋಲು ಇಸಕೊಂಡು
ಥ್ಯಾಂಕ್ಸೂ ಹೇಳದೆ ಹೋದಳು, ಟಕ್.

ಮನೆಯಲ್ಲಿ ಚೀಲ ಬಿಚ್ಚಿದರೆ
ಸ್ಕ್ರೂಗಳ ನಡುವೆ ಒದ್ದೆ ಪಾಚಿಯ ಕಟ್ಟು,
ಬುಡವೆಲ್ಲ ಒಂದೇ ಕಡೆ.
ಎಂಟು ವರ್ಷದ ನೌಕರಿಯಲ್ಲಿ ನನ್ನ ಮೊದಲ ಕಳ್ಳತನ.
ಹೆಂಡತಿ ಉಪ್ಪು ತೊಳೆದು ಕುಂಡಕ್ಕೆ ಹಾಕಿದಳು.
ಈರುಳ್ಳಿ ಎರಡು ಗರಿ ಬಿಟ್ಟಿದೆ.

ನಾಳೆ ಐದನೇ ಬೆಂಚಿನ ಕಡೆ ಕೆಲಸ.
ಅಲ್ಲೊಂದು ಹಲಗೆ ತುಂಬ ದಿನದಿಂದ ಸುಮ್ಮನಿದೆ.