ಅಂಗಾಲ ಮಚ್ಚೆ

ಅಂಗಾಲಲ್ಲಿ ಮಚ್ಚೆಯಿದ್ದರೆ ಕಡಲು ದಾಟುವ ಯೋಗ,
ಅನ್ನುತ್ತಿದ್ದಳು ಕಮಲತ್ತೆ.
ನನಗಿರಲಿಲ್ಲ. ಆದರೂ ದಾಟಿದೆ.

ಸೊಹಾರಿನ ಕ್ಯಾಂಪಿನಲ್ಲಿ ಹನ್ನೊಂದು ವರ್ಷ
ಸೇಫ್ಟಿ ಶೂವಿನೊಳಗೆ ಬೆಂದ ಕಾಲು,
ಯಾರು ನೋಡುತ್ತಾರೆ?

ನೋಡಿದವನು ಇದಿನಬ್ಬ. ನಲ್ಲಿಯ ಹತ್ತಿರ
ನಮಾಜಿಗೆ ಕಾಲು ತೊಳೆಯುತ್ತಿದ್ದವನು ನನ್ನ ಹಿಮ್ಮಡಿ ಎತ್ತಿ,
"ರಂಜಾನಿನಲ್ಲಿ ಇದು ಮೆಣಸಿನ ಕಾಳಷ್ಟಿತ್ತು ಮಾರಾಯಾ,
ಈಗ ನೋಡು, ಅಂಚು ಕದಡಿದ ಶಾಯಿ."
ಗ್ರೀಸು, ಅಂದೆ.
ಉಜ್ಜಿದ. ಹೋಗಲಿಲ್ಲ.

ಬಿಸಿಲಿಗೆ ಹೆದರಿ ಕುತ್ತಿಗೆಗೆ ಟವೆಲು ಸುತ್ತಿದ್ದೆ;
ಬಿಸಿಲು ಕಾಣದಲ್ಲೇ ಕೂತಿತ್ತು.

ಡಾಕ್ಟರಮ್ಮ ಲೆನ್ಸಿಟ್ಟು ನೋಡಿ
ಚೂರು ಕತ್ತರಿಸಿ ಸೀಸೆಗೆ ಹಾಕಿದರು.
ವಾರ ಕಳೆದು, ಅದರ ಹೆಸರು ಹೇಳಿ,
"ಬೇಗ ಬಂದಿರಿ" ಎಂದರು.
ಪಂಚಿಂಗಿಗೆ ದಿನಾ ತಡ ಎನ್ನಿಸಿಕೊಂಡವನು ನಾನು.

ಹೊಲಿಗೆಯ ಕಾಲು ದಿಂಬಿನ ಮೇಲೆ. ಫೋನಿನಲ್ಲಿ ಅತ್ತೆ.
ಯೋಗ ಕತ್ತರಿಸಿ ತೆಗೆದರು ಅನ್ನಲೋ,
ಊಟ ಆಯ್ತಾ ಅನ್ನಲೋ?