ನಾಲ್ಕು ಸೀಸೆ

ಏಣಿಯಿಂದ ಬಿದ್ದದ್ದು ರೂವಿಯಲ್ಲಿ, ಲಾಂಡ್ರಿಯ ಹಿಂದೆ,
ಎಸಿಯ ನೀರು ತೊಟ್ಟಿಕ್ಕುವ ಜಾಗದಲ್ಲಿ.
ಹಿಂದಲೆಗೆ ಏಳು ಹೊಲಿಗೆ.
ಮೂಗಿಗೆ ಏನೂ ಆಗಿರಲಿಲ್ಲ, ನೋಡಲಿಕ್ಕೆ.

ಡಾಕ್ಟರ್ ನಜ್ಲಾ ಹೇಳಿದರು:
ಮೂಗಿನ ಮೇಲೊಂದು ಮೂಳೆಯ ಜರಡಿ,
ಅದರ ತೂತುಗಳಲ್ಲಿ ಹಾಯುವ ನೂಲೆಳೆಗಳು ಹರಿದಿವೆ.
ಹರಿದದ್ದು ಎಂದರೆ ನನಗೆ ಗೊತ್ತು.
ರಫೂ ಮಾಡುವವರು ಇದ್ದಾರೆಯೇ ಎಂದು ಕೇಳಿದೆ.
ನಕ್ಕು ನಾಲ್ಕು ಸೀಸೆ ಕೊಟ್ಟರು,
ಗುಲಾಬಿ, ನಿಂಬೆ, ಲವಂಗ, ನೀಲಗಿರಿ.
ಬೆಳಿಗ್ಗೆ, ಸಂಜೆ. ಒಂದೊಂದಕ್ಕೆ ಇಪ್ಪತ್ತು ಎಣಿಸಿ.
ಮೂಸುವಾಗ ನೆನಪು ಮಾಡಿಕೊಳ್ಳಿ.

ಲವಂಗಕ್ಕೆ ಹಲ್ಲುನೋವು.
ನಿಂಬೆಗೆ ಚಾರ್ಮಾಡಿ ಘಾಟಿಯ ಬಸ್ಸು, ವಾಂತಿ.
ನೀಲಗಿರಿಗೆ ಅಮ್ಮನ ಹೆಬ್ಬೆರಳು, ನನ್ನ ಎದೆಯ ಮೇಲೆ.
ಗುಲಾಬಿಗೆ ಹುಡುಕಿದೆ, ಏನೂ ಸಿಗಲಿಲ್ಲ.
ಮೇಲಿನ ಮಂಚದ ಹಸನಬ್ಬ ಇಣುಕಿ ಹೇಳಿದ:
ನನ್ನ ಮದುವೆದ್ದು ಇಟ್ಟುಕೊಳ್ಳಿ ಮಾರಾಯ್ರೆ,
ಪನ್ನೀರು ಚಿಮುಕಿಸಿದ್ದರು.

ಹಿಂದೆಲ್ಲ ಅಂಗಿಯ ಕಾಲರು ಮೂಸಿದರೆ ಸಾಕು,
ಯಾರದೆಂದು ಹೇಳುತ್ತಿದ್ದೆ:
ಮೀನಿನವನದು, ಬ್ಯಾಂಕಿನವನದು,
ಹೆಂಡತಿಗೆ ಸುಳ್ಳು ಹೇಳಿ ಬಂದವನದು.
ಈಗ ಬರುವವರೆಲ್ಲ ಒಗೆದೇ ಬಂದವರು.

ಐದನೇ ತಿಂಗಳು ಒಂದು ವಾಸನೆ ಬಂತು,
ಗುಲಾಬಿ ಸೀಸೆಯಿಂದ: ಟಯರು ಸುಟ್ಟದ್ದು.
ಓಡಿದೆ ಆಸ್ಪತ್ರೆಗೆ.
ಒಳ್ಳೆಯ ಲಕ್ಷಣ, ಎಂದರು ಡಾಕ್ಟರು,
ಎಳೆಗಳು ಚಿಗುರಿ, ದಾರಿ ತಪ್ಪಿ
ಯಾರದೋ ಮನೆಯ ಕದ ತಟ್ಟುತ್ತಿವೆ. ಬಿಡಬೇಡಿ.

ಬಿಟ್ಟಿಲ್ಲ.
ಹಸನಬ್ಬನ ಮದುವೆಗೆ ದಿನಕ್ಕೆ ಎರಡು ಸಲ ಹೋಗುತ್ತೇನೆ,
ಸುಟ್ಟ ಟಯರಿನ ಹೊಗೆಯಲ್ಲಿ ನಿಂತು
ಇಪ್ಪತ್ತರ ತನಕ ಎಣಿಸುತ್ತೇನೆ.
ಬಿರಿಯಾನಿಯ ಮುಚ್ಚಳ ಇನ್ನೂ ತೆಗೆದಿಲ್ಲ.